ಸಹನೆಯ ಕಲ್ಲು, ಮಾತಾಡುವ ಗೊಂಬೆ: ತುರ್ಕಿಯ ಕಥೆಗಳನ್ನು ಓದುವ ಬಗೆ

ಪಣಜಿಯಲ್ಲಿ ಮಾಂಡವಿ ನದಿಗೆ ಮುಖ ಮಾಡಿ ನಿಂತಿರುವ ಹಳೆಯ ಸಚಿವಾಲಯದ ಕಟ್ಟಡವನ್ನು ಜನ ಇಂದಿಗೂ ಆದಿಲ್‌ಶಾಹನ ಅರಮನೆ ಎಂದೇ ಕರೆಯುತ್ತಾರೆ. ವಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್‌ಶಾಹನು ಅದನ್ನು ಕಟ್ಟಿಸಿದನೆಂದು ಹೇಳುವುದುಂಟು. ಯೂಸುಫನು ತೀರಿಕೊಂಡದ್ದು 1510ರಲ್ಲಿ; ಗೋವಾ ಆಲ್ಬುಕರ್ಕ್‌ನ ವಶವಾದದ್ದೂ ಅದೇ ವರ್ಷ. ಈ ಅರಸನ ಹುಟ್ಟಿನ ಬಗೆಗೆ ಒಂದು ಕಥೆಯಿದೆ. ಅದನ್ನು ಬರೆದಿಟ್ಟವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, 17ನೆಯ ಶತಮಾನದ ಆರಂಭದಲ್ಲಿ, ಪಾರಸಿಯಲ್ಲಿ ಇತಿಹಾಸ ರಚಿಸಿದ ಫೆರಿಸ್ತಾ. ತುರ್ಕಿಯ ಆಟೊಮನ್ ಸುಲ್ತಾನ ಎರಡನೆಯ ಮುರಾದನು 1451ರಲ್ಲಿ ಮಡಿದಾಗ ಪಟ್ಟಕ್ಕೆ ಬಂದ ಹಿರಿಯ ಮಗ ತನ್ನ ತಮ್ಮನನ್ನು ಕೊಲ್ಲಲು ಆಜ್ಞಾಪಿಸಿದನಂತೆ. ತಾಯಿಯು ಗುಟ್ಟಾಗಿ ಒಬ್ಬ ಗುಲಾಮ ಬಾಲಕನನ್ನು ಕೊಂಡು ಮಗನ ಜಾಗದಲ್ಲಿರಿಸಿ, ಮಗನನ್ನು ಸಾವಾ ಊರಿನ ವ್ಯಾಪಾರಿಯೊಬ್ಬನ ಕೈಗೆ ಒಪ್ಪಿಸಿದಳಂತೆ. ಬಾಲಕ ಸತ್ತ, ರಾಜಕುಮಾರ ಉಳಿದ, ಬೆಳೆದು, ಹಡಗು ಹತ್ತಿ ದಖ್ಖನಿಗೆ ಬಂದು, ಕೊನೆಗೆ ವಿಜಾಪುರದ ಸಿಂಹಾಸನವೇರಿದ.

ಈ ಕಥೆಯನ್ನು ಇತಿಹಾಸಕಾರರು ಪ್ರಮಾಣವೆಂದು ಒಪ್ಪುವುದಿಲ್ಲ. ಆದರೆ ಕಥೆಯಾಗಿ ನೋಡಿದರೆ ಅದರ ಅಚ್ಚು ಬಹಳ ಪರಿಚಿತ. ಅದಲುಬದಲಾದ ಮಗು, ವೇಷ ಮರೆಸಿದ ರಾಜವಂಶಿ, ದೂರದೇಶದಲ್ಲಿ ಮರಳಿ ದೊರೆಯುವ ಪದವಿ: ಇವೆಲ್ಲ ಅಜ್ಜಿಕಥೆಗಳ ಸಾಮಗ್ರಿ. ವಿಜಾಪುರದ ಆಸ್ಥಾನದಲ್ಲಿ, ಕನ್ನಡ ನೆಲದಲ್ಲಿ, ಬರಹಕ್ಕಿಳಿದ ಈ ಕಥೆಗೆ ತುರ್ಕಿಯ ಅರಮನೆಯೇ ರಂಗಸ್ಥಳವಾಗಿದೆ. ಹೀಗಿರುವಾಗ ತುರ್ಕಿಯ ಜನಪದ ಕಥೆಗಳನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಯು ತೀರ ಪರದೇಶದ ವಸ್ತುವೆಂದು ದೂರದಲ್ಲಿರಿಸಬೇಕಾಗಿಲ್ಲ. ಅವುಗಳಲ್ಲಿ ಒಂದಂತೂ ಕನ್ನಡದ ಅಡುಗೆಮನೆಗಳಲ್ಲಿ ಕನ್ನಡದ್ದೇ ಆಗಿ ಬಾಳಿದೆ. ಆ ಒಂದು ಕಥೆಯನ್ನು ಎರಡೂ ಕಡೆಯ ರೂಪಗಳಲ್ಲಿ ಓದಿ, ಓದಿದ್ದಕ್ಕೆ ಸ್ಪಂದಿಸುವುದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇತ್ತಂತೆ, ಇರಲಿಲ್ಲವಂತೆ

ತುರ್ಕಿ ಭಾಷೆಯಲ್ಲಿ ಇಂಥ ಕಥೆಗೆ ‘ಮಸಲ್’ ಎಂದು ಹೆಸರು. ಹಂಗೇರಿಯ ವಿದ್ವಾಂಸ ಇಗ್ನಾತ್ಸ್ ಕುನೋಶ್ (1860–1945) 1880ರ ದಶಕದಲ್ಲಿ ಇಸ್ತಾಂಬುಲಿಗೆ ಹೋಗಿ ಜನರ ಬಾಯಿಂದ ಮಸಲ್‌ಗಳನ್ನು ಕೇಳಿ ಬರೆದುಕೊಂಡ. ಅವುಗಳಲ್ಲಿ ನಲವತ್ತನಾಲ್ಕು ಕಥೆಗಳ ಇಂಗ್ಲಿಷ್ ಸಂಕಲನ 1913ರಲ್ಲಿ ಹೊರಬಂದಿತು. ಮುಂದೆ ತುರ್ಕಿಯವರೇ ಆದ ಪೆರ್ತೆವ್ ನಾಯಿಲಿ ಬೊರಾತಾವ್ (1907–1998) ಈ ಕೆಲಸಕ್ಕೆ ಶಾಸ್ತ್ರೀಯ ತಳಹದಿ ಹಾಕಿದರು. ಅಂಕಾರಾ ವಿಶ್ವವಿದ್ಯಾಲಯದಲ್ಲಿ ಜಾನಪದ ಅಧ್ಯಯನವನ್ನು ಕಟ್ಟಿದ ಅವರು 1948ರಲ್ಲಿ ರಾಜಕೀಯ ಕಾರಣಗಳಿಂದ ಹುದ್ದೆ ಕಳೆದುಕೊಂಡು, ಮುಂದೆ ಪ್ಯಾರಿಸ್ಸಿನಲ್ಲಿ ನೆಲೆಸಿದರು. ಜರ್ಮನ್ ವಿದ್ವಾಂಸ ವೋಲ್ಫ್ರಾಮ್ ಎಬರ್‌ಹಾರ್ಡ್ ಅವರೊಂದಿಗೆ 1953ರಲ್ಲಿ ಅವರು ಪ್ರಕಟಿಸಿದ ವರ್ಗಸೂಚಿಯಲ್ಲಿ ತುರ್ಕಿಯ ಕಥೆಗಳು 378 ಮಾದರಿಗಳಾಗಿ ವಿಂಗಡಣೆಗೊಂಡಿವೆ.

ಮಸಲ್‌ನ ಆರಂಭದ ಮಾತೇ ಕನ್ನಡ ವಿದ್ಯಾರ್ಥಿಯ ಗಮನ ಸೆಳೆಯತಕ್ಕದ್ದು. ‘ಒಂದು ಇತ್ತಂತೆ, ಒಂದು ಇರಲಿಲ್ಲವಂತೆ’ ಎಂಬರ್ಥದ ನುಡಿಯಿಂದ ಕಥೆ ತೊಡಗುತ್ತದೆ. ಅದರ ಬೆನ್ನಿಗೆ ಪ್ರಾಸಬದ್ಧವಾದ ಅಸಂಬದ್ಧ ಮಾತುಗಳ ಸರಣಿ: ಒಂಟೆ ಡಂಗುರ ಸಾರುತ್ತಿದ್ದ, ಚಿಗಟ ಕ್ಷೌರ ಮಾಡುತ್ತಿದ್ದ, ಮಗನೇ ತಂದೆಯ ತೊಟ್ಟಿಲು ತೂಗುತ್ತಿದ್ದ ಕಾಲವದು ಎಂದು ಹೇಳುವವಳು ನಗಿಸುತ್ತಾಳೆ. ಕೇಳುವವರ ಕಾಲು ನಿತ್ಯದ ನೆಲದಿಂದ ಮೇಲೆದ್ದ ಮೇಲೆ ಕಥೆ ಮೊದಲಾಗುತ್ತದೆ.

ಇಲ್ಲಿ ವ್ಯಾಕರಣದ ಒಂದು ಸಂಗತಿ ಇದೆ. ತುರ್ಕಿಯಲ್ಲಿ ಕ್ರಿಯಾಪದಕ್ಕೆ ‘ಮಿಶ್’ ಎಂಬ ಪ್ರತ್ಯಯ ಸೇರಿದರೆ, ಹೇಳುವವನು ಆ ಸಂಗತಿಯನ್ನು ಕಣ್ಣಾರೆ ಕಂಡವನಲ್ಲ, ಕೇಳಿಯೋ ಊಹಿಸಿಯೋ ತಿಳಿದವನು ಎಂಬ ಅರ್ಥ ಬರುತ್ತದೆ. ಮಸಲ್ ಬಹುಮಟ್ಟಿಗೆ ಈ ಪ್ರತ್ಯಯದಲ್ಲಿಯೇ ಸಾಗುತ್ತದೆ. ಕನ್ನಡದ ‘ಅಂತೆ’ ಮಾಡುವ ಕೆಲಸವೂ ಇದೇ. ‘ಒಬ್ಬ ರಾಜ ಇದ್ದನಂತೆ’ ಎನ್ನುವ ಅಜ್ಜಿ ರಾಜನಿದ್ದನೆಂದು ಸಾಕ್ಷಿ ಹೇಳುತ್ತಿಲ್ಲ, ಇರಲಿಲ್ಲವೆಂದೂ ಹೇಳುತ್ತಿಲ್ಲ. ತನಗೆ ಯಾರೋ ಹೇಳಿದರು, ತಾನೀಗ ಹೇಳುತ್ತಿದ್ದೇನೆ ಎನ್ನುತ್ತಿದ್ದಾಳೆ. ಕೊಂಕಣಿಯ ‘ಖಂಯ್’, ಮರಾಠಿಯ ‘ಮ್ಹಣೇ’ ಇದೇ ಹೊಣೆಯನ್ನು ಹೊರುತ್ತವೆ. ಭಾಷಾಕುಲ ಬೇರೆಬೇರೆಯಾದರೂ ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸುವ ವ್ಯವಸ್ಥೆ ಈ ನಾಲ್ಕು ನುಡಿಗಳಲ್ಲಿಯೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರತ್ಯಯವಿಲ್ಲ. ಆದ್ದರಿಂದ ಇಂಗ್ಲಿಷ್ ಅನುವಾದದಲ್ಲಿ ತುರ್ಕಿಯ ಕಥೆ ಓದುವ ಕನ್ನಡಿಗ ಪ್ರತಿ ವಾಕ್ಯದ ಕೊನೆಗೂ ಒಂದು ‘ಅಂತೆ’ಯನ್ನು ಮನಸ್ಸಿನಲ್ಲಿ ಸೇರಿಸಿಕೊಂಡು ಓದುವುದು ಒಳ್ಳೆಯದು. ಆಗ ಕಥೆ ವರದಿಯಂತೆ ಕೇಳುವುದು ತಪ್ಪಿ, ಮತ್ತೊಬ್ಬರ ಬಾಯಿಂದ ಬಂದದ್ದೆಂಬುದು ನೆನಪಿರುತ್ತದೆ. ಕೇಳಿದವರಿಲ್ಲದೆ ‘ಅಂತೆ’ ಇಲ್ಲ ಎಂಬ ಈ ಅರಿವು ಮುಂದೆ ಉಪಯೋಗಕ್ಕೆ ಬರುತ್ತದೆ.

ಸಹನೆಯ ಕಲ್ಲಿನ ಕಥೆ

‘ಸಬೂರ್ ತಾಶಿ’, ಅಂದರೆ ಸಹನೆಯ ಕಲ್ಲು, ತುರ್ಕಿಯಲ್ಲಿ ಎಲ್ಲರೂ ಬಲ್ಲ ಕಥೆ. ಕುನೋಶ್‌ನ ಸಂಕಲನದಲ್ಲಿಯೂ ಇದರ ಒಂದು ರೂಪವಿದೆ. ಬಡ ಹೆಂಗಸೊಬ್ಬಳಿಗೆ ಒಬ್ಬಳೇ ಮಗಳು. ಮನೆಯಲ್ಲಿ ಒಂಟಿಯಾಗಿ ಕೂತು ಕೆಲಸ ಮಾಡುತ್ತಿದ್ದ ಆಕೆಯ ಬಳಿಗೆ ಹಕ್ಕಿಯೊಂದು ಬಂದು, ನಿನ್ನ ನಸೀಬು ಸತ್ತವನೊಂದಿಗೆ ಎಂದು ನುಡಿಯುತ್ತದೆ. ಒಂದು ದಿನ ಗೆಳತಿಯರೊಡನೆ ಹೊರಗೆ ಹೋದಾಗ ಅವಳಿಗೂ ಉಳಿದವರಿಗೂ ನಡುವೆ ಗೋಡೆಯೊಂದು ಎದ್ದು ನಿಲ್ಲುತ್ತದೆ. ಗೋಡೆಯ ಈಚೆಗೆ ಒಂದು ಅರಮನೆ. ನಲವತ್ತು ಕೋಣೆಗಳ ಬಾಗಿಲು ತೆಗೆಯುತ್ತ ಹೋದವಳಿಗೆ ಕೊನೆಯ ಕೋಣೆಯಲ್ಲಿ ಸತ್ತಂತೆ ಮಲಗಿದ ತರುಣ ಕಾಣುತ್ತಾನೆ. ನಲವತ್ತು ದಿನ ಬೀಸಣಿಗೆ ಬೀಸಿ, ಪ್ರಾರ್ಥನೆ ಮಾಡಿ ಕಾದವಳಿಗೆ ಇವನು ದಕ್ಕುವನೆಂಬ ಬರಹ ಅಲ್ಲಿದೆ.

ಅವಳು ಕಾಯುತ್ತಾಳೆ. ಕೊನೆಯ ದಿನ ಕಿಟಕಿಯಿಂದ ಹೊರಗೆ ಕಂಡ ಕಪ್ಪು ಗುಲಾಮ ಹುಡುಗಿಯನ್ನು ಒಳಕ್ಕೆ ಕರೆದು, ಸ್ವಲ್ಪ ಹೊತ್ತು ನೋಡಿಕೊಂಡಿರು ಎಂದು ಹೇಳಿ, ಮೈತೊಳೆದು ಬರಲು ಹೋಗುತ್ತಾಳೆ. ಅಷ್ಟರಲ್ಲಿ ತರುಣ ಎಚ್ಚೆತ್ತು ಎದುರಿಗಿದ್ದವಳನ್ನೇ ತನ್ನನ್ನು ಕಾಯ್ದವಳೆಂದು ನಂಬುತ್ತಾನೆ. ಗುಲಾಮ ಹುಡುಗಿ ಒಡತಿಯಾಗುತ್ತಾಳೆ. ಕಾಯ್ದವಳು ಅಡುಗೆಮನೆಯ ಊಳಿಗದವಳಾಗುತ್ತಾಳೆ. ಮುಂದೊಮ್ಮೆ ಪ್ರಯಾಣ ಹೊರಟ ತರುಣ ಯಾರಿಗೆ ಏನು ತರಲಿ ಎಂದು ಕೇಳಿದಾಗ ಊಳಿಗದವಳು ಬೇಡುವುದು ಸಹನೆಯ ಕಲ್ಲು ಮತ್ತು ಸಹನೆಯ ಚೂರಿ. ರಾತ್ರಿ ಅವಳು ಕಲ್ಲನ್ನು ಎದುರಿಗಿಟ್ಟುಕೊಂಡು ತನ್ನ ಬಾಳನ್ನೆಲ್ಲ ಹೇಳುತ್ತಾಳೆ. ಕೇಳುತ್ತ ಕೇಳುತ್ತ ಕಲ್ಲು ಉಬ್ಬುತ್ತದೆ, ನೊರೆಗಟ್ಟುತ್ತದೆ, ಕೊನೆಗೆ ಸಿಡಿದು ಚೂರಾಗುತ್ತದೆ. ಕಲ್ಲೇ ತಾಳದ್ದನ್ನು ನಾನು ಹೇಗೆ ತಾಳಲಿ ಎಂದು ಅವಳು ಚೂರಿಯನ್ನೆತ್ತಿದಾಗ, ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ತರುಣ ಒಳನುಗ್ಗಿ ಕೈ ಹಿಡಿಯುತ್ತಾನೆ. ಅನೇಕ ರೂಪಗಳಲ್ಲಿ ಕೊನೆಗೆ ಗುಲಾಮಳನ್ನು ‘ನಲವತ್ತು ಕತ್ತಿ ಬೇಕೋ, ನಲವತ್ತು ಹೇಸರಗತ್ತೆ ಬೇಕೋ’ ಎಂದು ಕೇಳಲಾಗುತ್ತದೆ. ಹೇಸರಗತ್ತೆ ಸಿಕ್ಕರೆ ತವರಿಗೆ ಹೋಗಬಹುದೆಂದು ಅವಳು ಅದನ್ನೇ ಆರಿಸುತ್ತಾಳೆ. ಅವುಗಳಿಗೆ ಕಟ್ಟಿಯೇ ಅವಳನ್ನು ಎಳೆಸಿ ಕೊಲ್ಲುತ್ತಾರೆ.

ಕನ್ನಡದ ಗೊಂಬೆ

ಎ. ಕೆ. ರಾಮಾನುಜನ್ (1929–1993) 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಆ ಭಾಗದ ಮನೆಗಳಲ್ಲಿ ಕಥೆಗಳನ್ನು ಕೇಳಿ ಸಂಗ್ರಹಿಸತೊಡಗಿದರು. 1991ರಲ್ಲಿ ಪ್ರಕಟವಾದ ‘ಫೋಕ್‌ಟೇಲ್ಸ್ ಫ್ರಮ್ ಇಂಡಿಯಾ’ ಸಂಕಲನದಲ್ಲಿ ಅವರು ಸತ್ತ ರಾಜಕುಮಾರ ಮತ್ತು ಮಾತಾಡುವ ಗೊಂಬೆಯ ಕನ್ನಡ ಕಥೆಯೊಂದನ್ನು ಇಂಗ್ಲಿಷಿಗೆ ತಂದಿದ್ದಾರೆ. ಅದರಲ್ಲಿ ಹಕ್ಕಿಯ ಬದಲು ಭಿಕ್ಷೆಗೆ ಬಂದವನು ರಾಜನ ಮಗಳಿಗೆ, ನಿನಗೆ ಸತ್ತ ಗಂಡ ಸಿಗುತ್ತಾನೆ ಎಂದು ಹೇಳುತ್ತಾನೆ. ಹೆದರಿದ ತಂದೆತಾಯಿ ಮಗಳೊಂದಿಗೆ ಊರು ಬಿಡುತ್ತಾರೆ. ದಾರಿಯಲ್ಲಿ ಯಾರಿಗೂ ತೆರೆಯದ ಬಾಗಿಲೊಂದು ಅವಳ ಕೈ ತಾಗಿದೊಡನೆ ತೆರೆದು, ಅವಳನ್ನು ಒಳಗೆ ಸೇರಿಸಿಕೊಂಡು ಮುಚ್ಚಿಕೊಳ್ಳುತ್ತದೆ. ಒಳಗೆ ಸತ್ತಂತೆ ಮಲಗಿದ ರಾಜಕುಮಾರ. ಹನ್ನೆರಡು ವರ್ಷ ಅವಳು ಅವನ ಸೇವೆ ಮಾಡುತ್ತಾಳೆ. ಒಂಟಿತನಕ್ಕೆ ಜೊತೆಯಾಗಲೆಂದು ದೊಂಬರಾಟದವರ ಮಗಳೊಬ್ಬಳನ್ನು ಒಳಗೆ ತಂದುಕೊಂಡಿರುತ್ತಾಳೆ. ಎಲೆಯ ರಸ ಹಿಂಡಿದರೆ ರಾಜಕುಮಾರ ಬದುಕುವನೆಂದು ತಿಳಿದು ರಸವನ್ನು ಸಿದ್ಧಪಡಿಸಿ, ಅವಳು ಸ್ನಾನ ಪೂಜೆಗಳಲ್ಲಿ ತೊಡಗಿದ್ದಾಗ ದೊಂಬರ ಹುಡುಗಿ ಆ ರಸವನ್ನು ಕುಡಿಸಿಬಿಡುತ್ತಾಳೆ. ಎದ್ದವನು ಅವಳನ್ನೇ ಹೆಂಡತಿಯೆಂದು ತಿಳಿಯುತ್ತಾನೆ. ಮುಂದೆ ಏನು ಬೇಕೆಂದು ಕೇಳಿದಾಗ ರಾಜಕುಮಾರಿ ಬೇಡುವುದು ಮಾತಾಡುವ ಗೊಂಬೆಯನ್ನು. ರಾತ್ರಿ ಗೊಂಬೆ ಕಥೆ ಹೇಳೆನ್ನುತ್ತದೆ, ಅವಳು ತನ್ನದೇ ಕಥೆ ಹೇಳುತ್ತಾಳೆ, ಮರೆಯಲ್ಲಿ ರಾಜಕುಮಾರ ಕೇಳಿಸಿಕೊಳ್ಳುತ್ತಾನೆ, ನಿಜ ಬಯಲಾಗುತ್ತದೆ.

ಜಗತ್ತಿನ ಕಥೆಗಳನ್ನು ವರ್ಗೀಕರಿಸುವ ಆರ್ನೆ–ಥಾಂಪ್ಸನ್ ಸೂಚಿಯಲ್ಲಿ ದುಃಖ ಕೇಳಿ ಸಿಡಿಯುವ ಕಲ್ಲಿನ ಕಥೆ 894ನೆಯ ಮಾದರಿ. ಕನ್ನಡದ ಗೊಂಬೆಯ ಕಥೆ ಅದರ ಹತ್ತಿರದ ಬಂಧು. ಇಂಥ ಸಂಖ್ಯೆ ತಿಳಿದಿರುವುದು ಅಧ್ಯಯನಕ್ಕೆ ಅನುಕೂಲ. ಆದರೆ ಅಲ್ಲಿಗೇ ನಿಂತರೆ ವಿದ್ಯಾರ್ಥಿಯ ಉತ್ತರ ಹೋಲಿಕೆಗಳ ಪಟ್ಟಿಯಾಗಿ ಮುಗಿಯುತ್ತದೆ.

ಇನ್ನೊಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಯಾರು ಯಾರಿಂದ ಪಡೆದರು? ಇದಕ್ಕೆ ಆತುರದ ಉತ್ತರ ಸಲ್ಲದು. ನೇಪಲ್ಸಿನ ಜಾಂಬತಿಸ್ತಾ ಬಸಿಲೆಯ ‘ಪೆಂಟಮೆರೊನೆ’ ಎಂಬ ಕಥಾಗುಚ್ಛ 1634ರಿಂದ 1636ರ ನಡುವೆ ಅಚ್ಚಾಯಿತು. ಅದರ ಚೌಕಟ್ಟಿನ ಕಥೆಯೂ ಇದೇ ಜಾತಿಯದು. ಅಲ್ಲಿಯೂ ಸತ್ತಂತೆ ಮಲಗಿದ ರಾಜಕುಮಾರನಿದ್ದಾನೆ. ಅವನನ್ನು ಎಬ್ಬಿಸಲು ಕಣ್ಣೀರಿನಿಂದ ಹೂಜಿ ತುಂಬಿಸುವ ರಾಜಕುಮಾರಿಯಿದ್ದಾಳೆ. ಕೊನೆಯ ಕ್ಷಣದಲ್ಲಿ ಫಲ ಕಸಿದುಕೊಳ್ಳುವ ಕಪ್ಪು ಗುಲಾಮಳಿದ್ದಾಳೆ. ಕಥೆ ಕೇಳುವ ಆಸೆ ಹುಟ್ಟಿಸುವ ಗೊಂಬೆಯೂ ಇದೆ. ಇಟಲಿ, ತುರ್ಕಿ, ಇರಾನ್, ಕರ್ನಾಟಕಗಳ ನಡುವೆ ಹಡಗಿನಲ್ಲಿ ಸಂಬಾರದೊಡನೆ, ಸಾರ್ಥದೊಡನೆ, ಸೊಸೆಯಾಗಿ ಬಂದವಳೊಡನೆ, ತೊತ್ತಾಗಿ ಮಾರಾಟವಾದವಳೊಡನೆ ಕಥೆಗಳು ಓಡಾಡಿವೆ. ಹಕ್ಕುದಾರರನ್ನು ಹುಡುಕುವುದಕ್ಕಿಂತ, ಬಂದ ಕಥೆಗೆ ಪ್ರತಿ ಊರು ಏನನ್ನು ಕೊಟ್ಟಿತೆಂದು ನೋಡುವುದು ಫಲಕಾರಿ.

ಕಲ್ಲಿಗೂ ಗೊಂಬೆಗೂ ಇರುವ ಅಂತರ

ಓದಿನ ನಿಜವಾದ ಕೆಲಸ ತೊಡಗುವುದು ಭೇದಗಳಲ್ಲಿ. ತುರ್ಕಿಯ ಕಥೆಯಲ್ಲಿ ಕಾಲದ ಅಳತೆ ನಲವತ್ತು. ಬಾಣಂತಿತನಕ್ಕೂ ಸಾವಿನ ಸೂತಕಕ್ಕೂ ಆ ಸಮಾಜದಲ್ಲಿ ನಲವತ್ತು ದಿನಗಳ ಲೆಕ್ಕವಿದೆ. ಕನ್ನಡದಲ್ಲಿ ಅಳತೆ ಹನ್ನೆರಡು ವರ್ಷ. ಪಾಂಡವರ ವನವಾಸದ ಕಾಲ ಅದು. ಅಲ್ಲಿ ಹುಡುಗಿ ಬೀಸಣಿಗೆ ಬೀಸಿ ಪ್ರಾರ್ಥಿಸುತ್ತಾಳೆ. ಇಲ್ಲಿ ಮೈಕೈ ಒತ್ತಿ ಸೇವೆ ಮಾಡುತ್ತಾಳೆ. ಮಹಾಕಾವ್ಯದಲ್ಲಿ ಸಾವಿನಿಂದ ಗಂಡನನ್ನು ಮರಳಿ ತಂದ ಸಾವಿತ್ರಿಗೆ ಹೆಸರಿದೆ, ವ್ರತವಿದೆ. ಇವಳಿಗೆ ಹೆಸರಿಲ್ಲ. ಕನ್ನಡ ಜಾನಪದದ ಎರಡು ಲೋಕಗಳನ್ನು ಕುರಿತು ಬರೆಯುವಾಗ ರಾಮಾನುಜನ್ ತಮಿಳಿನ ‘ಅಗಂ’, ‘ಪುರಂ’ ಎಂಬ ಪರಿಕಲ್ಪನೆಗಳನ್ನು ಬಳಸಿದರು. ಮನೆಯೊಳಗೆ, ಅಡುಗೆಮನೆಯಲ್ಲಿ, ಮಕ್ಕಳಿಗೆ ಉಣ್ಣಿಸುತ್ತ ಹೇಳುವ ಕಥೆಗಳಲ್ಲಿ ವ್ಯಕ್ತಿಗಳಿಗೆ ಹೆಸರಿರುವುದಿಲ್ಲ, ಊರಿಗೆ ಗುರುತಿರುವುದಿಲ್ಲ. ಬಯಲಿನಲ್ಲಿ ವೃತ್ತಿಗಾಯಕರು ಹಾಡುವ ಕಥೆಗಳಿಗೆ ಹೆಸರು, ಊರು, ಕುಲ ಎಲ್ಲವೂ ಉಂಟು. ತುರ್ಕಿಯ ಮಸಲ್ ಕೂಡ ಇದೇ ಅರ್ಥದಲ್ಲಿ ಒಳಮನೆಯ ಕಥೆ.

ಎಲ್ಲಕ್ಕಿಂತ ಮುಖ್ಯವಾದ ಭೇದ ಕೇಳುವ ವಸ್ತುವಿನದು. ಕಲ್ಲು ಮಾತಾಡುವುದಿಲ್ಲ. ಅದು ಕೇಳುತ್ತದೆ, ತುಂಬಿಕೊಳ್ಳುತ್ತದೆ, ಸಿಡಿಯುತ್ತದೆ. ಸಹನೆಗೆ ಮಿತಿಯುಂಟೆಂಬುದನ್ನು ತುರ್ಕಿಯ ಕಥೆ ಕಲ್ಲಿನ ಮೈಯಲ್ಲಿ ತೋರಿಸುತ್ತದೆ. ತಾಳ್ಮೆಯೇ ಹೆಣ್ಣಿನ ಆಭರಣವೆಂದು ಬೋಧಿಸುವ ಸಮಾಜದಲ್ಲಿ ಈ ಮಾತನ್ನು ಹೇಳಲು ಒಂದು ಕಲ್ಲು ಬೇಕಾಯಿತು. ಕನ್ನಡದ ಗೊಂಬೆ ಸಿಡಿಯುವುದಿಲ್ಲ; ಅದು ಕಥೆ ಹೇಳೆಂದು ಒತ್ತಾಯಿಸುತ್ತದೆ. ನಿನಗೇನಾಯಿತು ಎಂದು ಕೇಳುವವರೇ ಇಲ್ಲದ ಮನೆಯಲ್ಲಿ ಆ ಪ್ರಶ್ನೆ ಒಂದು ಗೊಂಬೆಯಿಂದ ಬರುತ್ತದೆ. ಮೂಕಳಾದ ಹೆಣ್ಣು ತನ್ನ ಕಥೆಯನ್ನು ಗಳಿಸಿಕೊಂಡು ಮಾತುಳ್ಳವಳಾಗುವುದೇ ಹೆಣ್ಣುಗಳನ್ನು ಕೇಂದ್ರವಾಗಿರಿಸಿಕೊಂಡ ಇಂಥ ಕಥೆಗಳ ಒಟ್ಟು ನಡೆ ಎಂಬುದು ರಾಮಾನುಜನ್ ಅವರ ವಿಚಾರ. ಕಲ್ಲು ಅವಳ ಭಾರವನ್ನು ಹೊರುತ್ತದೆ; ಗೊಂಬೆ ಅವಳ ಬಾಯಿ ತೆರೆಸುತ್ತದೆ.

ಈ ಎಳೆ ನಮ್ಮ ನೆರೆಹೊರೆಯಲ್ಲಿ ಹಲವು ಕಡೆ ಹಬ್ಬಿದೆ. ರಾಮಾನುಜನ್ ಅವರದೇ ಸಂಕಲನದ ಒಂದು ತಮಿಳು ಕಥೆಯಲ್ಲಿ ಮಕ್ಕಳು ಸೊಸೆಯರಿಂದ ನೊಂದ ಮುದುಕಿ ಪಾಳುಮನೆಯ ಗೋಡೆಗಳಿಗೆ ತನ್ನ ಸಂಕಟ ಹೇಳಿಕೊಂಡಾಗ ಗೋಡೆಗಳು ಒಂದೊಂದಾಗಿ ಕುಸಿಯುತ್ತವೆ, ಅವಳ ಮೈ ಹಗುರಾಗುತ್ತದೆ. ಅವರು ಸಂಗ್ರಹಿಸಿದ ಮತ್ತೊಂದು ಕನ್ನಡ ಕಥೆಯಲ್ಲಿ, ಗೊತ್ತಿದ್ದೂ ಹೇಳದೆ ಉಳಿದ ಕಥೆಯೂ ಹಾಡೂ ಅಂಗಿ ಜೋಡುಗಳ ರೂಪ ತಳೆದು ಹೊರಬಂದು ಗಂಡಹೆಂಡಿರ ನಡುವೆ ಜಗಳ ತಂದಿಡುತ್ತವೆ. ಮರಾಠಿ ಮನೆಗಳಲ್ಲಿ ಶ್ರಾವಣದಲ್ಲಿ ಓದುವ ‘ಕಹಾಣಿ’ಗಳಲ್ಲಿ, ಆದಿತ್ಯ ರಾಣೂಬಾಯಿಯ ಕಹಾಣಿಯ ಹೆಂಗಸು ಕೈಯಲ್ಲಿ ಮುತ್ತು ಹಿಡಿದು, ತನ್ನ ಕಥೆಯನ್ನು ಕೇಳುವವರನ್ನು ಹುಡುಕಿಕೊಂಡು ಹೋಗುತ್ತಾಳೆ. ಕೇಳಿದವರ ಕಷ್ಟ ತೀರುತ್ತದೆ. ಅರವತ್ತು ಮಾತಿನ ಕಥೆ ಐದು ಮಾತಿನಲ್ಲಿ ಫಲಿಸಿತೆಂಬ ಅರ್ಥದ ನುಡಿಯೊಂದಿಗೆ ಕಹಾಣಿ ಮುಗಿಯುತ್ತದೆ. ತುರ್ಕಿಯ ಮಸಲ್ ಮುಗಿಯುವುದು ಆಕಾಶದಿಂದ ಮೂರು ಸೇಬು ಬಿದ್ದವೆಂಬ ಮಾತಿನಿಂದ. ಹಂಚಿಕೆ ಊರಿಂದೂರಿಗೆ ಬದಲಾದರೂ ಹೇಳಿದವರಿಗೆ ಒಂದು, ಕೇಳಿದವರಿಗೆ ಒಂದು ಎಂಬುದು ಸಾಮಾನ್ಯ. ಕೇಳುವುದನ್ನೂ ಒಂದು ದುಡಿಮೆಯೆಂದು, ಕೂಲಿಗೆ ಅರ್ಹವಾದದ್ದೆಂದು, ಈ ಪರಂಪರೆಗಳು ಒಪ್ಪಿಕೊಂಡಿವೆ.

ಕಲ್ಲು ಸಿಗದವಳು

ಇಲ್ಲಿಯವರೆಗಿನ ಓದು ನಾಯಿಕೆಯ ಪರವಾಗಿದೆ. ಕಥೆಯೂ ಅದನ್ನೇ ಬಯಸುತ್ತದೆ. ಆದರೆ ಎಚ್ಚರವುಳ್ಳ ಓದುಗ ಇನ್ನೊಂದು ಹೆಜ್ಜೆ ಮುಂದಿಡಬೇಕು. ಈ ಕಥೆಯಲ್ಲಿ ಮೋಸಗಾತಿ ಯಾರು? ತುರ್ಕಿಯಲ್ಲಿ ಕಪ್ಪು ಗುಲಾಮಳು, ನೇಪಲ್ಸಿನಲ್ಲಿಯೂ ಕಪ್ಪು ಗುಲಾಮಳು, ಕನ್ನಡದಲ್ಲಿ ಊರೂರು ಅಲೆದು ಹಗ್ಗದ ಮೇಲೆ ಆಡುವವರ ಮಗಳು. ಆಯಾ ಸಮಾಜದ ಅತ್ಯಂತ ಕೆಳಗಿನ ಮೆಟ್ಟಿಲಿನಿಂದ, ಬೆಂಬಲಕ್ಕೆ ಮನೆಯಿಲ್ಲದವರ ನಡುವಿನಿಂದ, ಆರಿಸಿ ತಂದ ಹುಡುಗಿ ಅವಳು. ಒಬ್ಬಳಿಗೆ ನ್ಯಾಯ ಸಿಗುವ ಕಥೆ ಇನ್ನೊಬ್ಬಳ ಕುಲವನ್ನೇ ಅವಳ ಅಪರಾಧದ ಗುರುತನ್ನಾಗಿ ಮಾಡುತ್ತದೆ.

ತುರ್ಕಿಯ ಕಪ್ಪು ಗುಲಾಮಳು ಗೋವಾದ, ಉತ್ತರ ಕನ್ನಡದ ಓದುಗನಿಗೆ ಅಪರಿಚಿತಳಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತಂದವರನ್ನು ಗೋವಾದ ಪೇಟೆಯಲ್ಲಿ ಮಾರುತ್ತಿದ್ದರು. ಅಂಥವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶದವರು ಇಂದು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸೀಮೆಯಲ್ಲಿ ಬದುಕುತ್ತಿರುವ ಸಿದ್ದಿ ಜನರಲ್ಲಿದ್ದಾರೆ. ಕೊಂಕಣಿ, ಮರಾಠಿ, ಕನ್ನಡಗಳೆಲ್ಲ ಅವರ ನಾಲಗೆಯಲ್ಲಿವೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಈ ಇತಿಹಾಸ ತಿಳಿದವನಿಗೆ ಅರಮನೆಯ ಕಿಟಕಿಯ ಕೆಳಗೆ ಹಾದುಹೋಗುವ ಆ ಕಪ್ಪು ಹುಡುಗಿಯನ್ನು ಬರಿಯ ಪಾತ್ರವೆಂದು ದಾಟಿ ಹೋಗಲು ಮನಸ್ಸಾಗದು. ಅವಳನ್ನು ಯಾವ ಊರಿನಿಂದ ಕದ್ದು ತಂದರು? ಹೇಸರಗತ್ತೆ ಹತ್ತಿ ಅವಳು ಹೋಗಬೇಕೆಂದುಕೊಂಡ ತವರು ಯಾವುದು? ಕೇಳಲು ಅವಳಿಗೆ ಕಲ್ಲಿಲ್ಲ, ಗೊಂಬೆಯಿಲ್ಲ. ತವರನ್ನು ನೆನೆದು ಅವಳು ಆಡಿದ ಒಂದೇ ಮಾತನ್ನು ಕಥೆ ಅವಳ ಸಾವಿಗೆ ನೆಪವಾಗಿ ಬಳಸಿಕೊಳ್ಳುತ್ತದೆ.

ಈ ನೋಟದಿಂದ ಯೂಸುಫ್ ಆದಿಲ್‌ಶಾಹನ ಕಥೆಯೂ ಬೇರೆಯಾಗಿ ಕಾಣುತ್ತದೆ. ಸಹನೆಯ ಕಲ್ಲಿನ ಕಥೆಯಲ್ಲಿ ಗುಲಾಮಳು ರಾಣಿಯ ಜಾಗವನ್ನು ಕಸಿದುಕೊಂಡದ್ದು ಮಹಾಪರಾಧ. ಯೂಸುಫನ ಕಥೆಯಲ್ಲಿ ಗುಲಾಮ ಬಾಲಕನನ್ನು ರಾಜಕುಮಾರನ ಜಾಗಕ್ಕೆ ನೂಕಿ ಕೊಲ್ಲಿಸಿದ್ದು ತಾಯಿಯ ಜಾಣ್ಮೆ. ಜಾಗ ಬದಲಿಸುವ ಕ್ರಿಯೆ ಎರಡರಲ್ಲಿಯೂ ಒಂದೇ. ಮೇಲಿನವರು ಮಾಡಿದಾಗ ಅದಕ್ಕೆ ಬರುವ ಹೆಸರು ಬೇರೆ. ಆ ಬಾಲಕ ಯಾರ ಮಗನೆಂಬುದನ್ನು ಫೆರಿಸ್ತಾನ ಕಥೆ ವಿಚಾರಿಸುವುದಿಲ್ಲ.

ಹಾಗಾದರೆ ಇಂಥ ಕಥೆಗಳನ್ನು ಓದಬಾರದೇ, ಮಕ್ಕಳಿಗೆ ಹೇಳಬಾರದೇ ಎಂಬ ಪ್ರಶ್ನೆಗೆ ಉತ್ತರ ಕಷ್ಟವೇನಲ್ಲ. ಓದಬೇಕು, ಹೇಳಬೇಕು. ಕ್ರೌರ್ಯದ ಭಾಗವನ್ನು ಅಳಿಸಿ ನಯಗೊಳಿಸಿದ ಕಥೆ ಆ ಕಾಲದ ಮನಸ್ಸನ್ನು ಮರೆಮಾಚುತ್ತದೆ. ಅದನ್ನು ಮುಟ್ಟದೆ ಹಾಗೆಯೇ ಉಳಿಸಿಕೊಂಡು, ಅದರ ಎದುರು ಪ್ರಶ್ನೆಯನ್ನಿಡುವುದು ಪ್ರಾಮಾಣಿಕ ಮಾರ್ಗ. ಕಥೆಯೇ ಕಲಿಸಿದ ಪಾಠವಿದು: ಗೋಡೆಯಾಚೆಯ ದನಿಗೆ ಕಿವಿಗೊಟ್ಟ ಮೇಲೆಯೇ ರಾಜಕುಮಾರನಿಗೆ ತನ್ನ ಮನೆಯ ಸತ್ಯ ತಿಳಿಯಿತು. ಓದುಗನೂ ಹಾಗೆಯೇ ಕಥೆಯ ಗೋಡೆಗೆ ಕಿವಿಗೊಡಬೇಕು.

ಸ್ಪಂದನೆಯನ್ನು ಬರೆಯುವಾಗ

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಜನಪದ ಕಥೆಯ ಬಗೆಗಿನ ಉತ್ತರ ಸಾಮಾನ್ಯವಾಗಿ ಕಥಾಸಾರದಿಂದ ಆರಂಭವಾಗಿ, ತಾಳಿದವನು ಬಾಳಿಯಾನು ಎಂಬ ನೀತಿಯಲ್ಲಿ ಮುಗಿಯುತ್ತದೆ. ಈ ಕಥೆಗೆ ಆ ನೀತಿಯನ್ನು ಬರೆದವರು ಕಲ್ಲು ಸಿಡಿದದ್ದನ್ನು ಗಮನಿಸಿಲ್ಲವೆಂದೇ ಅರ್ಥ. ನೀತಿಗಿಂತ ಮೊದಲು ನಾಲ್ಕು ಕೆಲಸಗಳಿವೆ.

ಮೊದಲನೆಯದು, ಕಥೆ ಯಾರ ಬಾಯಿಂದ ಯಾರ ಕೈಗೆ ಬಂದಿತೆಂಬುದನ್ನು ಗುರುತಿಸುವುದು. ಕುನೋಶ್‌ನ ತುರ್ಕಿ ಕಥೆಯಾಗಲಿ ರಾಮಾನುಜನ್ ಅವರ ಕನ್ನಡ ಕಥೆಯಾಗಲಿ ಹೇಳಿದವರಿಂದ ಬರೆದುಕೊಂಡವರಿಗೆ, ಅವರ ಲೇಖನಿಯಿಂದ ಇಂಗ್ಲಿಷಿಗೆ ದಾಟಿ ಬಂದದ್ದು. ‘ಅಂತೆ’ ಎಲ್ಲಿ ಕಳಚಿತು, ಯಾವ ಮಾತು ಮೃದುವಾಯಿತು ಎಂಬ ಅನುಮಾನವನ್ನು ಉಳಿಸಿಕೊಂಡೇ ಓದಬೇಕು. ಎರಡನೆಯದು, ಕಥೆಯ ಬೆಳವಣಿಗೆ ತಿರುಗುವ ಒಂದು ವಸ್ತುವನ್ನು ಹಿಡಿಯುವುದು. ಈ ಕಥೆಯಲ್ಲಿ ಅದು ಕಲ್ಲು ಅಥವಾ ಗೊಂಬೆ. ಅದೇ ಯಾಕೆ, ಬೇರೆ ಯಾಕಲ್ಲ ಎಂದು ಕೇಳಿದರೆ ಕಥೆಯ ಮನಸ್ಸು ತೆರೆಯುತ್ತದೆ. ಮೂರನೆಯದು, ಇನ್ನೊಂದು ರೂಪದೊಡನೆ ಹೋಲಿಸಿ, ಹೋಲಿಕೆಯ ಜೊತೆಗೆ ಭೇದಕ್ಕೂ ಕಾರಣ ಹುಡುಕುವುದು. ನಾಲ್ಕನೆಯದು, ಮಾತು ಸಿಗದ ಪಾತ್ರವನ್ನು ಗುರುತಿಸಿ, ಅವಳ ನಿಲುವಿನಿಂದ ಕಥೆಯನ್ನು ಮತ್ತೊಮ್ಮೆ ನೋಡುವುದು. ಗುಲಾಮ ಹುಡುಗಿಯೇ ಹೇಳುವಂತೆ ಒಂದು ಪುಟ ಬರೆದು ನೋಡಿದರೆ, ಯಾವ ವಿಮರ್ಶೆಯ ಪರಿಭಾಷೆಗಿಂತ ಹೆಚ್ಚು ಸ್ಪಷ್ಟವಾಗಿ ಕಥೆಯ ಒಲವು ಬಯಲಾಗುತ್ತದೆ.

ಇದಕ್ಕೆ ಬೇಕಾದ ಇನ್ನಷ್ಟು ಸಾಮಗ್ರಿ ಗ್ರಂಥಾಲಯದ ಹೊರಗೂ ಇದೆ. ವಾಸ್ಕೋ, ಮಡಗಾಂವ, ಮಾಪುಸಾದಂಥ ಊರುಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಮೆಗಾಗಿ ಬಂದು ನೆಲೆಸಿದ ಕನ್ನಡದ ಕುಟುಂಬಗಳಿವೆ. ಅಂಥ ಮನೆಗಳ ಹಿರಿಯ ಹೆಣ್ಣುಮಕ್ಕಳಲ್ಲಿ ಅನೇಕರು ತವರಿನಲ್ಲಿ ಕೇಳಿದ ಕಥೆಗಳನ್ನು ಹೊತ್ತುಕೊಂಡು ಘಟ್ಟ ಇಳಿದವರು. ದಿನವಿಡೀ ದುಡಿದು ಬಂದವರ ಮನೆಯಲ್ಲಿ, ಮೊಮ್ಮಕ್ಕಳು ಬೇರೆ ಮಾಧ್ಯಮದ ಶಾಲೆಯಲ್ಲಿ ಓದುತ್ತಿರುವಾಗ, ಆ ಕಥೆಗಳಿಗೆ ಕಿವಿ ಸಿಗುವುದು ಅಪರೂಪ. ಐಚ್ಛಿಕ ಕನ್ನಡದ ವಿದ್ಯಾರ್ಥಿ ರಜೆಯ ಒಂದು ಸಂಜೆ ಅಜ್ಜಿಯ ಬಳಿ, ಚಿಕ್ಕಮ್ಮನ ಬಳಿ, ಓಣಿಯ ಹಿರಿಯಳ ಬಳಿ ಕೂತು, ಸತ್ತ ಗಂಡನ ಕಥೆ ಗೊತ್ತೇ ಎಂದು ವಿಚಾರಿಸಬಹುದು. ಹೇಳಿದ ಮಾತನ್ನು ತಿದ್ದದೆ, ಅವರ ಕನ್ನಡದಲ್ಲಿಯೇ ಬರೆದುಕೊಳ್ಳಬೇಕು. ಹೇಳಿದವರ ಒಪ್ಪಿಗೆ ಪಡೆದು, ಯಾವಾಗ, ಯಾರಿಂದ ಕೇಳಿದರೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಅವರ ಕಥೆಯಲ್ಲಿ ಕೇಳಿಸಿಕೊಳ್ಳುವುದು ಕಲ್ಲೋ, ಗೊಂಬೆಯೋ, ದೀಪವೋ, ಬೀಸುಕಲ್ಲೋ ಎಂದು ನೋಡಬೇಕು. ಮೋಸಗಾತಿಯ ಕುಲವನ್ನು ಅವರು ಏನೆಂದು ಹೇಳುತ್ತಾರೆ, ಅವಳಿಗೆ ಏನು ಶಿಕ್ಷೆ ಕೊಡುತ್ತಾರೆ ಎಂಬುದನ್ನೂ ಬಿಡದೆ ದಾಖಲಿಸಬೇಕು. ಕಥೆ ಮುಗಿದ ಮೇಲೆ ಹೇಳಿದವರು ತಮ್ಮ ಬಾಳಿನ ಮಾತಿಗೆ ಹೊರಳಿದರೆ, ಪುಸ್ತಕ ಮುಚ್ಚಿ ಅದನ್ನೂ ಕೇಳಬೇಕು.